ಬಾಣದ ಗುರುತನ್ನ ಏನಂತ ಓದೋದು?

ಮೊನ್ನೆ ಅಕ್ಕನ ಮಗಳು ವಾಟ್ಸಾಪಲ್ಲಿ ನೋಟ್‌ಬುಕ್ಕಿನ ಒಂದು ಪುಟದ ಫೋಟೋ ಕಳ್ಸಿದ್ಲು. ಹತ್ತು ರಾಸಾಯನಿಕ ಸಮೀಕರಣ, ಹತ್ತನ್ನೂ ಸರಿದೂಗಿಸಿ, ಪಕ್ಕದಲ್ಲಿ ತಾನೇ ಕೆಂಪು ಪೆನ್ನಲ್ಲಿ ರೈಟ್ ಮಾರ್ಕು ಬೇರೆ ಹಾಕ್ಕೊಂಡಿದ್ಲು. ಹತ್ತೂ ಸರಿಯಾಗೇ ಇತ್ತು. ಶಹಬ್ಬಾಸ್ ಅನ್ನೋಣ ಅಂತ ಫೋನ್ ಮಾಡಿದೆ, ಮಾಡಿದವನು ಅಷ್ಟಕ್ಕೇ ಬಿಡಬೇಕಿತ್ತು, ಬಿಡ್ಲಿಲ್ಲ. "ಎಲ್ಲಿ, ಮೂರನೇದು ಓದು ನೋಡಣ" ಅಂದೆ. "ಎನ್ ಟು ಪ್ಲಸ್ ತ್ರೀ ಎಚ್ ಟು ಆರೋ ಟು ಎನ್ ಎಚ್ ತ್ರೀ" ಅಂತ ಒಂದೇ ಉಸಿರಲ್ಲಿ ಮುಗಿಸಿದ್ಲು. (ಸಾರಜನಕ, ಜಲಜನಕ ಸೇರಿ ಅಮೋನಿಯ ಆಗೋ ಸಮೀಕರಣ ಅದು.) ಅದಲ್ಲ, ಓದು ಅಂದೆ. "ಓದಿದ್ನಲ್ಲ ಮಾಮ." ಸರಿ, ಅಲ್ಲಿ ಏನಾಯ್ತು ಹೇಳು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಂತು ಉತ್ತರ: "ಏನಾಯ್ತು ಅಂದ್ರೆ? ಬ್ಯಾಲೆನ್ಸ್ ಆಯ್ತು."

ಇಬ್ರೂ ನಕ್ವಿ. ಆದ್ರೆ ಫೋನ್ ಇಟ್ಟ ಮೇಲೂ ಆ ಮಾತು ನನ್ನ ತಲೆಯಿಂದ ಹೋಗ್ಲಿಲ್ಲ, ಯಾಕಂದ್ರೆ ಅವಳ ವಯಸ್ಸಲ್ಲಿ ನನ್ನನ್ನ ಯಾರಾದ್ರೂ ಕೇಳಿದ್ರೆ ನನ್ನ ಉತ್ತರಾನೂ ಅದೇ ಆಗಿರ್ತಿತ್ತು, ಅಷ್ಟು ನೇರವಾಗಿ ಹೇಳೋ ಧೈರ್ಯ ಇರ್ತಿರ್ಲಿಲ್ಲ ಅಷ್ಟೇ. ಸಮೀಕರಣ ಅಂದ್ರೆ ನಂಗೆ ಆಗ ಒಂಥರಾ ಪದಬಂಧ. ಎಡಗಡೆ ಎಣಿಸು, ಬಲಗಡೆ ಎಣಿಸು, ಎಲ್ಲಿ ಕಮ್ಮಿ ಇದೆಯೋ ಅಲ್ಲಿ ಮುಂದೆ ಒಂದು ನಂಬರ್ ಹಾಕು, ಮತ್ತೆ ಎಣಿಸು. ಚೆನ್ನಾಗೇ ಬರ್ತಿತ್ತು ನಂಗೆ ಆ ಆಟ. ಕ್ಲಾಸಲ್ಲಿ ಪಕ್ಕದವರಿಗೂ ಮಾಡಿಕೊಡ್ತಿದ್ದೆ. ಆ ಬಾಣದ ಗುರುತಿನ ಒಳಗೆ ಏನೋ ನಡೀತಿದೆ, ಏನೋ ಕಾಣೆಯಾಗಿ ಇನ್ನೇನೋ ಹುಟ್ತಿದೆ ಅಂತ ಮಾತ್ರ ಒಂದು ದಿನಕ್ಕೂ ಅನ್ನಿಸಿರ್ಲಿಲ್ಲ.

ಕೆಡಿಸ್ಬಿಟ್ಟೆ ಅನ್ಕೊಂಡ ಟೆಸ್ಟ್‌ಟ್ಯೂಬು

ಇದಕ್ಕೆ ಸಾಕ್ಷಿ ಬೇಕು ಅಂದ್ರೆ ಕಾಲೇಜಿನ ಮೊದಲ ವರ್ಷದ ಒಂದು ಪ್ರಾಕ್ಟಿಕಲ್ ಇದೆ. ಟೆಸ್ಟ್‌ಟ್ಯೂಬಲ್ಲಿ ಸುಣ್ಣದ ತಿಳಿನೀರು, ಅದರೊಳಗೆ ಒಂದು ಗಾಜಿನ ಕೊಳವೆ, ಕೊಳವೆಗೆ ಬಾಯಿಟ್ಟು ಮೆಲ್ಲಗೆ ಊದಬೇಕು. (ಊದಬೇಕು, ಎಳೀಬಾರದು. ಎಳೆದವನೊಬ್ಬ ನಮ್ಮ ಬ್ಯಾಚಲ್ಲಿದ್ದ, ಅವನ ಮುಖ ಇವತ್ತಿಗೂ ಮರೆತಿಲ್ಲ.) ನಾವು ಬಿಡೋ ಉಸಿರಲ್ಲಿ ಶೇಕಡಾ 4ರಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತೆ, ಅದು ಸಾಕು. ನಾಲ್ಕೈದು ಸಲ ಊದೋದ್ರೊಳಗೆ ನೀರು ಹಾಲಿನ ಹಾಗೆ ಬೆಳ್ಳಗಾಯ್ತು. ಎಲ್ರೂ ಅಲ್ಲಿಗೆ ನಿಲ್ಲಿಸಿ ಸರ್‌ಗೆ ತೋರಿಸೋಕೆ ಹೋದ್ರು. ನನ್ನ ಪಾರ್ಟ್‌ನರ್ ಯಾರ ಜೊತೆಗೋ ಹರಟೆ ಹೊಡೀತಿದ್ದ, ಅವನು ಬರ್ಲಿ ಅಂತ ನಾನು ಸುಮ್ನೆ ಊದ್ತಾನೇ ಇದ್ದೆ, ಬೇರೇನು ಮಾಡೋದು. ಸ್ವಲ್ಪ ಹೊತ್ತಾದ ಮೇಲೆ ನೋಡ್ತೀನಿ, ಬಿಳಿ ಬಣ್ಣ ತೆಳ್ಳಗಾಗ್ತಿದೆ. ಇನ್ನೂ ಊದಿದೆ, ಇನ್ನೂ ತೆಳ್ಳಗಾಯ್ತು. ಕೊನೆಗೆ ಟ್ಯೂಬಿನ ಹಿಂದೆ ನನ್ನ ಬೆರಳು ಕಾಣೋ ಅಷ್ಟು ತಿಳಿ.

ಎದೆ ಧಸಕ್ಕಂತು. ಏನೋ ಕೆಡಿಸ್ಬಿಟ್ಟೆ ಅನ್ಕೊಂಡೆ. ಎಂಜಲು ಬಿತ್ತಾ, ಟ್ಯೂಬ್ ಸರಿಯಾಗಿ ತೊಳೆದಿರ್ಲಿಲ್ವಾ, ಏನೇನೋ. ಸರ್ ಆ ಕಡೆ ತಿರುಗಿರೋದನ್ನ ನೋಡ್ಕೊಂಡು ಎಲ್ಲಾ ಸಿಂಕಿಗೆ ಚೆಲ್ಲಿ, ಹೊಸದಾಗಿ ತಿಳಿನೀರು ಹಾಕ್ಕೊಂಡು, ಈ ಸಲ ಲೆಕ್ಕ ಇಟ್ಟು ಆರೇ ಸಲ ಊದಿ, ಬೆಳ್ಳಗಾದ ತಕ್ಷಣ ಓಡಿದೆ. "ಗುಡ್" ಅಂದ್ರು ಸರ್. ರೆಕಾರ್ಡ್ ಬುಕ್ಕಲ್ಲಿ ಸೈನೂ ಬಿತ್ತು.

ಇಲ್ಲಿ ಮಜಾ ಏನಂದ್ರೆ, ನಾನು ಆವತ್ತು ಚೆಲ್ಲಿದ್ದು ನನ್ನ ನೋಟ್ಸಲ್ಲೇ ಇತ್ತು. ಪರೀಕ್ಷೆಗೆ ಅಂತ ಉರು ಹೊಡೆದಿದ್ದ ಎರಡು ಸಾಲು, ಒಂದರ ಕೆಳಗೆ ಒಂದು:

ಸಿಎ(ಓಎಚ್)₂ + ಸಿಓ₂ → ಸಿಎಸಿಓ₃ + ಎಚ್₂ಓ
ಸಿಎಸಿಓ₃ + ಸಿಓ₂ + ಎಚ್₂ಓ → ಸಿಎ(ಎಚ್‌ಸಿಓ₃)₂

ಮೊದಲನೇ ಸಾಲು ಬೆಳ್ಳಗಾಗೋದು, ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್ ಅನ್ನೋ ಬಿಳಿ ಪುಡಿ ಹುಟ್ಟೋದು; ಎರಡನೇ ಸಾಲು ಮತ್ತೆ ತಿಳಿಯಾಗೋದು, ಅಂದ್ರೆ ಆ ಪುಡಿ ನೀರಲ್ಲಿ ಕರಗೋ ಬೈಕಾರ್ಬೊನೇಟ್ ಆಗೋದು. ನಾನು ಎರಡನ್ನೂ ಕಣ್ಣಾರೆ ನೋಡಿದ್ದೆ, ಎರಡನ್ನೂ ಬಾಯಿಪಾಠ ಮಾಡಿದ್ದೆ, ಎರಡೂ ಒಂದೇ ಅಂತ ಮಾತ್ರ ಹೊಳೀಲಿಲ್ಲ. ಹೊಳೆದಿದ್ದು ಎಷ್ಟೋ ವರ್ಷ ಆದ ಮೇಲೆ, ನೀರು ಕಾಯಿಸೋ ಕೆಟಲಿನ ತಳದಲ್ಲಿ ಕಟ್ಟಿದ್ದ ಬಿಳಿ ಪದರವನ್ನ ಉಜ್ತಾ, ಇದು ಯಾಕಪ್ಪ ಹೀಗೆ ಕಟ್ಟುತ್ತೆ ಅಂತ ಹುಡುಕಿದಾಗ. ಗಡಸು ನೀರಲ್ಲಿ ಕರಗಿರೋ ಬೈಕಾರ್ಬೊನೇಟು ಕಾದಾಗ ಒಡೆದು, ಕಾರ್ಬೊನೇಟ್ ತಳಕ್ಕೆ ಕೂರುತ್ತೆ, ಅಂದ್ರೆ ಆ ಎರಡನೇ ಸಾಲನ್ನೇ ಬಲದಿಂದ ಎಡಕ್ಕೆ ಓದಬೇಕು. ಕೈಲಿ ಸ್ಕ್ರಬ್ಬರ್ ಹಿಡ್ಕೊಂಡು ನಿಂತಲ್ಲೇ ನಂಗೆ ಆ ಲ್ಯಾಬಿನ ಸಿಂಕು ನೆನಪಾಯ್ತು. ಸುಣ್ಣದ ಕಲ್ಲಿನ ಗುಹೆಗಳೂ ಇದೇ ಲೆಕ್ಕ: ಇಂಗಾಲದ ಡೈಆಕ್ಸೈಡ್ ಬೆರೆತ ನೀರು ಕಲ್ಲನ್ನ ಕರಗಿಸ್ಕೊಂಡು ಹೋಗೋದು ಎಡದಿಂದ ಬಲಕ್ಕೆ, ಗುಹೆಯ ಚಾವಣಿಯಿಂದ ತೊಟ್ಟಿಕ್ಕೋವಾಗ ಗಾಳಿಗೆ ಅನಿಲ ಬಿಟ್ಟು ಮತ್ತೆ ಕಲ್ಲಾಗಿ ನೇತಾಡೋದು ಬಲದಿಂದ ಎಡಕ್ಕೆ. ಸಾವಿರಾರು ವರ್ಷದ ಕೆಲಸ. ನಾನು ಅದನ್ನ ಐದು ನಿಮಿಷದಲ್ಲಿ ಅರ್ಧ ಮಾಡಿ ಚೆಲ್ಲಿದ್ದೆ.

ಸೇರಿ, ಒಡೆದು, ತಳ್ಳಿ

(ಒಂದು ಮಾತು. ಸೂತ್ರಗಳನ್ನ ಬಾಯಲ್ಲಿ ಹೇಳೋ ಹಾಗೇ ಕನ್ನಡದಲ್ಲೇ ಬರೀತಿದೀನಿ, ಇದರಲ್ಲಿ ಒಂದು ಅಪಾಯ ಇದೆ. ಕೋಬಾಲ್ಟಿನ ಸಂಕೇತಾನೂ ಸಿ ಓ, ಕಾರ್ಬನ್ ಮಾನಾಕ್ಸೈಡಿನ ಸೂತ್ರಾನೂ ಸಿ ಓ. ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ ಮೊದಲನೇದರ ಓ ಚಿಕ್ಕಕ್ಷರ, ಎರಡನೇದರದ್ದು ದೊಡ್ಡಕ್ಷರ. ಒಂದು ಲೋಹ, ಇನ್ನೊಂದು ಜೀವ ತೆಗೆಯೋ ಅನಿಲ. ನಮ್ಮ ಲಿಪೀಲಿ ಚಿಕ್ಕಕ್ಷರ ದೊಡ್ಡಕ್ಷರ ಅನ್ನೋದೇ ಇಲ್ವಲ್ಲ, ಹಾಗಾಗಿ ಕನ್ನಡದಲ್ಲಿ ಯೋಚ್ನೆ ಮಾಡೋ ಮಕ್ಕಳು ಇಲ್ಲಿ ಎಡವೋದು ಜಾಸ್ತಿ ಅಂತ ನನ್ನ ಗುಮಾನಿ. ನಾನಂತೂ ಎಡವಿದ್ದೆ.)

ಸಮೀಕರಣ ಅನ್ನೋ ಪದದಲ್ಲೇ ಒಂದು ತೊಂದ್ರೆ ಇದೆ ಅನ್ಸುತ್ತೆ. ಸಮ ಮಾಡೋದು ಅಂತ ತಾನೇ ಅರ್ಥ? ಹೆಸರೇ ಲೆಕ್ಕದ ಕಡೆ ಕೈ ತೋರಿಸ್ತಿದೆ, ಆ ಹುಡುಗಿ "ಬ್ಯಾಲೆನ್ಸ್ ಆಯ್ತು" ಅನ್ನದೆ ಇನ್ನೇನು ಅಂತಾಳೆ. ಹಳೇ ಕಾಲದಲ್ಲಿ ನಿಜವಾಗ್ಲೂ ಬಾಣ ಇರ್ಲಿಲ್ಲ. 1615ರಲ್ಲಿ ಫ್ರಾನ್ಸಿನ ಜ್ಯಾಂ ಬೆಗೀನ್ ಒಂದು ರಾಸಾಯನಿಕ ಕ್ರಿಯೆಯಲ್ಲಿ ಯಾವುದು ಯಾವುದರ ಜೊತೆ ಹೋಯ್ತು ಅಂತ ಗೆರೆ ಎಳೆದು ತೋರಿಸಿದ್ದ, ಅದನ್ನೇ ಮೊದಲ ರಾಸಾಯನಿಕ ಸಮೀಕರಣ ಅಂತಾರೆ. ಆಮೇಲೆ ಫ್ರಾನ್ಸಿನದ್ದೇ ರಸಾಯನಶಾಸ್ತ್ರಜ್ಞ ಲವಾಸಿಯೆ 1789ರಲ್ಲಿ ದ್ರಾಕ್ಷಿರಸ ಹುಳಿಯೋದನ್ನ ಬರೆಯೋವಾಗ ಮಧ್ಯೆ ಇಟ್ಟಿದ್ದು ಗಣಿತದ ಈಕ್ವಲ್ ಗುರುತು. ಅವನಿಗೆ ಬೇಕಾಗಿದ್ದೇ ಅದು, ಒಳಗೆ ಹೋದ ತೂಕ ಹೊರಗೆ ಬಂದ ತೂಕಕ್ಕೆ ಸಮ ಅಂತ ತೋರಿಸೋದು. ಎರಡು ಕಡೆಗೂ ಮುಖ ಮಾಡಿರೋ ಜೋಡಿ ಬಾಣ ಬಂದಿದ್ದು 1884ರಲ್ಲಿ, ಡಚ್ ರಸಾಯನಶಾಸ್ತ್ರಜ್ಞ ವಾಂಟ್ ಹಾಫ್ ಕೈಯಿಂದ. ಈಕ್ವಲ್ ಗುರುತು ಹೇಳೋದು ತಕ್ಕಡಿ ವಿಷಯ, ಬಾಣ ಹೇಳೋದು ಮೊದಲು ಏನಿತ್ತು, ಆಮೇಲೆ ಏನಾಯ್ತು ಅನ್ನೋ ವಿಷಯ. ನಾವು ಬಾಣ ಬರೀತೀವಿ, ಓದೋದು ಮಾತ್ರ ಇನ್ನೂ ಈಕ್ವಲ್ ಅಂತಲೇ.

ಸರಿ, ಬಾಣವನ್ನ ಏನಂತ ಓದಬೇಕು? ಆವತ್ತು ರಾತ್ರಿ ಕೂತು ನಾನೇ ಬಾಯಿಬಿಟ್ಟು ಓದೋಕೆ ನೋಡಿದೆ. 2ಎಚ್₂ + ಓ₂ → 2ಎಚ್₂ಓ. "ಎರಡು ಜಲಜನಕದ ಅಣು, ಒಂದು ಆಮ್ಲಜನಕದ ಅಣು ಸೇರಿ ಎರಡು ನೀರಿನ ಅಣು ಆಗುತ್ತೆ." ಹೀಗೆ ಓದಿದಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಕಾಗದದ ಮೇಲೆ ಬಾಣ ಮಧ್ಯದಲ್ಲಿದೆ, ಕನ್ನಡದಲ್ಲಿ ಕ್ರಿಯಾಪದ ಕೊನೇಲಿ ಬರಬೇಕು. ಹಾಗಾಗಿ ಬಾಣ ಎರಡು ತುಂಡಾಗುತ್ತೆ, ಒಂದು ತುಂಡು ಮಧ್ಯದಲ್ಲಿ "ಸೇರಿ" ಆಗಿ ನಿಲ್ಲುತ್ತೆ, ಇನ್ನೊಂದು ತುಂಡು ಕೊನೇಲಿ "ಆಗುತ್ತೆ" ಆಗಿ ಕೂರುತ್ತೆ. ಆ "ಸೇರಿ" ಇದೆಯಲ್ಲ, ಅದು ಎಲ್ಲಾ ಕಡೆ ನಡೆಯಲ್ಲ ಅನ್ನೋದೇ ನಂಗೆ ಖುಷಿಯಾಗಿದ್ದು. ಸುಣ್ಣದ ಕಲ್ಲನ್ನ ಜೋರಾಗಿ ಕಾಯಿಸೋ ಸಮೀಕರಣ ತಗೊಳ್ಳಿ: ಸಿಎಸಿಓ₃ → ಸಿಎಓ + ಸಿಓ₂. ಎಡಗಡೆ ಇರೋದೇ ಒಂದು, ಯಾರ ಜೊತೆ ಸೇರುತ್ತೆ? ಇಲ್ಲಿ ಬಾಣವನ್ನ "ಒಡೆದು" ಅಂತ ಓದಬೇಕು. ತಾಮ್ರದ ಸಲ್ಫೇಟಿನ ನೀಲಿ ದ್ರಾವಣಕ್ಕೆ ಸತುವಿನ ತುಂಡು ಹಾಕಿದ್ರೆ, ನೀಲಿ ಮಾಸ್ತಾ ಹೋಗಿ ಸತುವಿನ ಮೇಲೆ ಕೆಂಪು ಕಂದು ಪುಡಿ ಕೂರುತ್ತೆ, ಅಲ್ಲಿ ಬಾಣ "ತಳ್ಳಿ": ಸತು ತಾಮ್ರವನ್ನ ಹೊರಗೆ ತಳ್ಳಿ ಅದರ ಜಾಗದಲ್ಲಿ ತಾನು ಕೂರುತ್ತೆ. ಬೆಳ್ಳಿಯ ನೈಟ್ರೇಟು, ಉಪ್ಪಿನ ದ್ರಾವಣ ಬೆರೆಸಿದ್ರೆ "ಅದಲು ಬದಲಾಗಿ". ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ ಅಂತ ನಾಲ್ಕು ವಿಧ ಬರೀರಿ ಅಂತ ಪರೀಕ್ಷೇಲಿ ಕೇಳ್ತಿದ್ರಲ್ಲ, ನಾನು ಅವನ್ನ ನಾಲ್ಕು ಡಬ್ಬ ಅಂತ ತಿಳ್ಕೊಂಡು ಯಾವ ಸಮೀಕರಣ ಯಾವ ಡಬ್ಬಕ್ಕೆ ಅಂತ ಉರು ಹೊಡೀತಿದ್ದೆ. ಒಂದೇ ಬಾಣಕ್ಕೆ ನಾಲ್ಕು ಕ್ರಿಯಾಪದ, ಅಷ್ಟೇ ವಿಷಯ. ಯಾರಾದ್ರೂ ಆಗ್ಲೇ ಹೇಳಿದ್ರೆ ಎಷ್ಟು ಉರು ಉಳೀತಿತ್ತು.

ಪ್ಲಸ್ ಗುರುತೂ ಹಾಗೇ, ಒಂದೇ ವೇಷ, ಎರಡು ಪಾತ್ರ. ಎಡಗಡೆ ಇದ್ರೆ "ಇದೂ ಅದೂ ಒಂದಕ್ಕೊಂದು ತಾಗಿ" ಅಂತ, ಬಲಗಡೆ ಇದ್ರೆ ಬರೀ "ಇದೂ ಬಂತು, ಅದೂ ಬಂತು" ಅಂತ. ಗಣಿತದ ಕೂಡಿಸೋದಂತೂ ಎರಡೂ ಕಡೆ ಅಲ್ಲ.

ಇನ್ನು ಹೆಸರುಗಳ ವಿಷಯ ಬಂದಾಗ ಕನ್ನಡದ ಮಕ್ಕಳಿಗೆ ಒಂದು ಲಾಭ ಇದೆ, ಯಾರೂ ಅದನ್ನ ಎತ್ತಿ ತೋರಿಸಲ್ಲ. ಜಲಜನಕ ಅಂದ್ರೆ ನೀರನ್ನ ಹುಟ್ಟಿಸೋದು, ಹೆಸರೊಳಗೇ ಅರ್ಧ ಸಮೀಕರಣ ಇದೆ. ಉರಿಸಿದ್ರೆ ಏನಾಗುತ್ತೆ ಅಂತ ಕೇಳೋ ಅಗತ್ಯಾನೇ ಇಲ್ಲ, ಹೆಸರನ್ನ ಬಿಡಿಸಿ ಓದಿದ್ರೆ ಸಾಕು. ಆಮ್ಲಜನಕದಲ್ಲಿ ಮಾತ್ರ ಒಂದು ಹಳೇ ತಪ್ಪು ಹಾಗೇ ಉಳ್ಕೊಂಡಿದೆ. ಎಲ್ಲಾ ಆಮ್ಲದಲ್ಲೂ ಇದು ಇದ್ದೇ ಇರುತ್ತೆ ಅಂತ ಲವಾಸಿಯೆ ನಂಬಿ ಹೆಸರಿಟ್ಟ, 1810ರಲ್ಲಿ ಹಂಫ್ರಿ ಡೇವಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ ಅಂತ ತೋರಿಸಿದ, ಹೆಸರು ಮಾತ್ರ ಬದಲಾಗ್ಲಿಲ್ಲ. ನಾವೂ ಆ ತಪ್ಪನ್ನ ಸಂಸ್ಕೃತಕ್ಕೆ ಅನುವಾದ ಮಾಡ್ಕೊಂಡು ಭದ್ರವಾಗಿ ಇಟ್ಕೊಂಡಿದೀವಿ.

ಪುಟ್ಟ ಎರಡು, ದೊಡ್ಡ ಎರಡು

ಮಾರನೇ ದಿನ ಅವಳೇ ಫೋನ್ ಮಾಡಿದ್ಲು. ಪ್ರಶ್ನೆ ರೆಡಿ ಇತ್ತು. "ಮಾಮ, ಈ ಪುಟ್ಟ ನಂಬರನ್ನ ಯಾಕೆ ಮುಟ್ಟಬಾರದು? ಮಿಸ್ ಮುಟ್ಟಬಾರದು ಅಂತಾರೆ, ಯಾಕೆ ಅಂತ ಹೇಳಲ್ಲ. ಎಚ್ ಟು ಪ್ಲಸ್ ಓ ಟು ಆರೋ ಎಚ್ ಟು ಓ ಟು ಅಂತ ಬರೆದ್ರೆ ಒಂದೇ ಏಟಿಗೆ ಬ್ಯಾಲೆನ್ಸ್ ಆಗುತ್ತಲ್ಲ?"

ಆಗುತ್ತೆ. ಅದೇ ಇಲ್ಲಿರೋ ತಮಾಷೆ, ಲೆಕ್ಕದಲ್ಲಿ ಒಂದು ಚೂರೂ ತಪ್ಪಿಲ್ಲ. ಎಡಕ್ಕೆ ಎರಡು ಎರಡು, ಬಲಕ್ಕೆ ಎರಡು ಎರಡು. ಆದ್ರೆ ಬಲಗಡೆ ಇರೋದು ಈಗ ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಕೂದಲಿನ ಬಣ್ಣ ತೆಗೆಯೋಕೆ ಬಳಸ್ತಾರಲ್ಲ ಅದು. ಪುಟ್ಟ ನಂಬರು ವಸ್ತುವಿನ ಮೈಯೊಳಗಿರೋದು, ಅದನ್ನ ಬದಲಾಯಿಸಿದ್ರೆ ವಸ್ತುವೇ ಬದಲಾಯ್ತು. ಮುಂದೆ ಬರೋ ದೊಡ್ಡ ನಂಬರು ಆ ವಸ್ತು ಎಷ್ಟಿದೆ ಅಂತ ಹೇಳೋದು, ಅದನ್ನ ಎಷ್ಟು ಬೇಕಾದ್ರೂ ಬದಲಾಯಿಸು. ಇದನ್ನ ಅವಳಿಗೆ ಹೇಳಿದೆ, ಹೇಳೋವಾಗ್ಲೇ ಅನ್ನಿಸ್ತು ಇದೂ ಒಂದು ನಿಯಮದ ಥರ ಕೇಳಿಸ್ತಿದೆ ಅಂತ. ನೀರಲ್ಲಿ ಎರಡು ಜಲಜನಕಕ್ಕೆ ಒಂದು ಆಮ್ಲಜನಕ ಅಂತ ನಂಗೆ ಹೇಗೆ ಗೊತ್ತು? ಪುಸ್ತಕ ಹೇಳ್ತು. ಪುಸ್ತಕಕ್ಕೆ ಯಾರು ಹೇಳಿದ್ರು?

ಡಾಲ್ಟನ್‌ಗೇ ಇದು ಗೊತ್ತಿರ್ಲಿಲ್ಲ ಅನ್ನೋದು ನನ್ನಂಥವನಿಗೆ ದೊಡ್ಡ ಸಮಾಧಾನ. ಪರಮಾಣು ಸಿದ್ಧಾಂತ ಕೊಟ್ಟ ಮನುಷ್ಯ, ನೀರನ್ನ ಒಂದಕ್ಕೊಂದು ಅಂತ, ಅಂದ್ರೆ ಎಚ್‌ಓ ಅನ್ನೋ ಲೆಕ್ಕದಲ್ಲೇ ಬರೀತಿದ್ದ, ಅದೂ ಅಕ್ಷರ ಅಲ್ಲ, ಪುಟ್ಟ ಪುಟ್ಟ ವೃತ್ತ ಬಿಡಿಸಿ. 1808ರಲ್ಲಿ ಗೇ ಲ್ಯೂಸಾಕ್ ಎರಡು ಅಳತೆ ಜಲಜನಕ, ಒಂದು ಅಳತೆ ಆಮ್ಲಜನಕ ಸೇರಿ ಎರಡು ಅಳತೆ ನೀರಾವಿ ಆಗುತ್ತೆ ಅಂತ ತೋರಿಸಿದ. 1811ರಲ್ಲಿ ಅವೊಗಾಡ್ರೊ, ಹಾಗಾದ್ರೆ ಆಮ್ಲಜನಕದ ಅಣು ಅರ್ಧರ್ಧ ಆಗಿರ್ಲೇಬೇಕು, ಅಂದ್ರೆ ಅದರಲ್ಲಿ ಎರಡು ಪರಮಾಣು ಇರಬೇಕು ಅಂದ. ಯಾರೂ ಅಷ್ಟಾಗಿ ಕಿವಿಗೆ ಹಾಕ್ಕೊಳ್ಲಿಲ್ಲ. ಆಮೇಲೆ ಸುಮಾರು ಐವತ್ತು ವರ್ಷ ಒಬ್ಬೊಬ್ಬರು ಒಂದೊಂದು ಥರ ಸೂತ್ರ ಬರೀತಾ ಜಗಳ ಆಡಿದ್ರು, 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂನಲ್ಲಿ ಎಲ್ಲಾ ಸೇರಿ ಕೂತಾಗ ಕ್ಯಾನಿಜಾರೋ ಅವೊಗಾಡ್ರೊನ ಮಾತನ್ನ ಮತ್ತೆ ಎತ್ತಿ ಹಿಡಿದ ಮೇಲೆ ನಿಧಾನಕ್ಕೆ ದಾರಿಗೆ ಬಂತು. ಅಕ್ಷರದ ಸಂಕೇತಗಳನ್ನ ಅದಕ್ಕೂ ಮೊದಲೇ, 1813-14ರ ಹೊತ್ತಿಗೆ ಸ್ವೀಡನ್ನಿನ ಬರ್ಜೀಲಿಯಸ್ ಕೊಟ್ಟಿದ್ದ. ಅವನು ಪುಟ್ಟ ನಂಬರನ್ನ ಮೇಲ್ಗಡೆ ಹಾಕ್ತಿದ್ದ, ಗಣಿತದ ವರ್ಗದ ಥರ. ಕೆಳಗಿಳಿಸಿದ್ದು ಲೀಬಿಗ್, 1834ರಲ್ಲಿ. ಪುಣ್ಯಾತ್ಮ. ಮೇಲೇ ಇದ್ದಿದ್ರೆ ನಮ್ಮ ಹುಡುಗ್ರು ಎಚ್ ಸ್ಕ್ವೇರ್ ಅಂತ ಓದ್ತಿದ್ರು, ಅನುಮಾನವೇ ಬೇಡ.

ಇಷ್ಟೆಲ್ಲಾ ಫೋನಲ್ಲಿ ಹೇಳೋಕಾಗುತ್ತಾ? ಹೇಳ್ಲಿಲ್ಲ. "ಆ ಮೂರನೇ ಸಮೀಕರಣದ ಚಿತ್ರ ಬಿಡಿಸಿ ಕಳ್ಸು, ಪರಮಾಣು ಅಂದ್ರೆ ಒಂದು ಗುಂಡು" ಅಂದೆ. ಹತ್ತು ನಿಮಿಷಕ್ಕೆ ಬಂತು. ಸಾರಜನಕ ಎರಡು ಗುಂಡು ಅಂಟ್ಕೊಂಡಿದೆ, ಸರಿ. ಅದರ ಪಕ್ಕ 3ಎಚ್₂ ಜಾಗದಲ್ಲಿ ಆರು ಗುಂಡು ಒಂದಕ್ಕೊಂದು ಅಂಟ್ಕೊಂಡು ಉದ್ದಕ್ಕೆ, ಪೋಣಿಸಿದ ಮಣಿಸರದ ಹಾಗೆ. ನೋಡಿ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ, ಯಾಕಂದ್ರೆ ಇದು ಅವಳೊಬ್ಬಳ ತಪ್ಪಲ್ಲ. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೈಸ್ಕೂಲ್ ಮಕ್ಕಳ ಜೊತೆ ಕೂತು ಇದನ್ನೇ ಮಾಡಿಸಿದ್ರು. ಸಮೀಕರಣ ಸರಿದೂಗಿಸೋಕೆ ಬರ್ತಿತ್ತು, ಚಿತ್ರ ಬಿಡಿಸು ಅಂದ್ರೆ ಅನೇಕರು ಮೂರು ಜೊತೆ ಬಿಡಿಸೋ ಬದಲು ಆರನ್ನೂ ಒಟ್ಟಿಗೆ ಅಂಟಿಸಿಬಿಟ್ಟಿದ್ರು. ಮೂರು ಗುಣಿಸು ಎರಡು ಆರು, ಲೆಕ್ಕ ಸರಿ, ಆದ್ರೆ ಆರು ಪರಮಾಣು ಅಂಟ್ಕೊಂಡಿರೋ ಜಲಜನಕದ ಅಣು ಅನ್ನೋದು ಅಲ್ಲಿಲ್ಲ. ಗ್ಲ್ಯಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಅಲೆಕ್ಸ್ ಜಾನ್‌ಸ್ಟನ್ ಇದಕ್ಕೊಂದು ತ್ರಿಕೋನ ಬರೆದು ತೋರಿಸಿದ್ದ. ಒಂದು ಮೂಲೇಲಿ ಕಣ್ಣಿಗೆ ಕಾಣೋದು, ಇನ್ನೊಂದ್ರಲ್ಲಿ ಕಾಣದ ಅಣು ಪರಮಾಣು, ಮೂರನೇದ್ರಲ್ಲಿ ಸಂಕೇತ. ಕಲಿಸೋರು ಮೂರೂ ಮೂಲೆಗೆ ಸಲೀಸಾಗಿ ಓಡಾಡ್ತಾರೆ, ಕಲಿಯೋರು ಒಂದೇ ಮೂಲೇಲಿ ಸಿಕ್ಕಾಕ್ಕೊಂಡಿರ್ತಾರೆ. ನಾನು ಯಾವ ಮೂಲೇಲಿದ್ದೆ ಅಂತ ಸಿಂಕಿಗೆ ಗೊತ್ತು.

ಚಿತ್ರ ತಿದ್ದಿದ ಮೇಲೆ ಅವಳಿಗೇ ಒಂದು ವಿಷಯ ಕಾಣಿಸ್ತು. "ಈ ಕಡೆ ನಾಲ್ಕು ಅಣು, ಆ ಕಡೆ ಎರಡೇ. ಇದು ಬ್ಯಾಲೆನ್ಸ್ ಹೇಗೆ?" ಅಣು ಲೆಕ್ಕ ಉಳೀಬೇಕು ಅಂತ ಯಾರೂ ಹೇಳಿಲ್ಲ, ಪರಮಾಣು ಲೆಕ್ಕ ಉಳೀಬೇಕು, ತೂಕ ಉಳೀಬೇಕು. ಒಂದು ಮೋಲ್ (ಡಜನ್ ಇದ್ದ ಹಾಗೆ, ಅಣುಗಳನ್ನ ಎಣಿಸೋ ಒಂದು ದೊಡ್ಡ ಲೆಕ್ಕ) ಸಾರಜನಕ 28 ಗ್ರಾಂ, ಮೂರು ಮೋಲ್ ಜಲಜನಕ 6 ಗ್ರಾಂ, ಸೇರಿ 34 ಗ್ರಾಂ ಅಮೋನಿಯ. ಆದ್ರೆ ಅಣುಗಳು ನಾಲ್ಕು ಇದ್ದಿದ್ದು ಎರಡಾಗೋದು ಇದೆಯಲ್ಲ, ಅದರಲ್ಲೇ ಒಂದು ಕಾರ್ಖಾನೆಯ ಗುಟ್ಟಿದೆ. ಎಲ್ಲವೂ ಅನಿಲ, ಅಣು ಕಮ್ಮಿ ಆದ್ರೆ ಜಾಗ ಕಮ್ಮಿ ಸಾಕು. ಹಾಗಾಗಿ ಒತ್ತಡ ಹಾಕಿ ಅದುಮಿದ್ರೆ ಕ್ರಿಯೆ ಇಕ್ಕಟ್ಟಿಲ್ಲದ ಕಡೆಗೆ, ಅಂದ್ರೆ ಅಮೋನಿಯದ ಕಡೆಗೆ ವಾಲುತ್ತೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಹೇಬರ್ 1909ರಲ್ಲಿ ಮಾಡಿ ತೋರಿಸಿ, ಬಾಷ್ ಅದನ್ನ ದೊಡ್ಡದು ಮಾಡಿ, 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಕಾರ್ಖಾನೆ ಶುರುವಾಯ್ತು. ಇವತ್ತಿಗೂ ಸುಮಾರು 200 ವಾತಾವರಣದಷ್ಟು ಒತ್ತಡ, 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖ, ಕ್ರಿಯೆ ಬೇಗ ನಡೀಲಿ ಅಂತ ಕಬ್ಬಿಣದ ಕ್ಯಾಟಲಿಸ್ಟು. ಸಾಲಿನ ಮುಂದಿರೋ ಒಂದು, ಮೂರು, ಎರಡು ಅನ್ನೋ ಅಂಕಿಗಳನ್ನ ಬರೀ ಮಾರ್ಕ್ಸಿಗೆ ಅಂತ ಹಾಕ್ತಿದ್ದವನಿಗೆ, ಅವೇ ಅಂಕಿ ಎಷ್ಟು ದಪ್ಪದ ಉಕ್ಕಿನ ಕೊಳವೆ ಬೇಕು ಅನ್ನೋವರೆಗೂ ಹೋಗುತ್ತೆ ಅಂತ ಯಾರು ಹೇಳ್ಬೇಕು.

ಸರಿದೂಗಿಸೋ ವಿಧಾನದ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲಾ ಕಡೆ ಸಿಗುತ್ತೆ. ಬಾಣದ ಆ ಕಡೆ ಈ ಕಡೆ ಒಂದೊಂದೇ ಸೂತ್ರದಲ್ಲಿ ಬರೋ ಧಾತುವಿಂದ ಶುರು ಮಾಡಿ, ಒಂಟಿಯಾಗಿ ನಿಂತಿರೋದನ್ನ ಕೊನೆಗೆ ಇಟ್ಕೊಳ್ಳಿ, ಸಲ್ಫೇಟ್ ನೈಟ್ರೇಟ್ ಥರದ್ದು ಎರಡೂ ಕಡೆ ಹಾಗೇ ಉಳಿದ್ರೆ ಒಡೀದೆ ಗುಂಪಾಗೇ ಎಣಿಸಿ, ಅರ್ಧ ಬಂದ್ರೆ ಹೆದರದೆ ಎಲ್ಲವನ್ನೂ ಎರಡರಿಂದ ಗುಣಿಸಿ. ಮುಗೀತು.

ಬ್ರಾಕೆಟ್ಟಿನ ಒಳಗಿನ ಒಂದಕ್ಷರ

ಮತ್ತೆ ಆ ಸುಣ್ಣದ ನೀರಿಗೆ ಬರ್ತೀನಿ. ಬರದೆ ಇರೋಕಾಗಲ್ಲ.

ಪಠ್ಯದಲ್ಲಿ ಪ್ರತಿ ಸೂತ್ರದ ಪಕ್ಕ ಬ್ರಾಕೆಟ್ಟಲ್ಲಿ ಒಂದು ಪುಟ್ಟ ಅಕ್ಷರ ಇರ್ತಿತ್ತು: ಘನಕ್ಕೆ ಎಸ್, ದ್ರವಕ್ಕೆ ಎಲ್, ಅನಿಲಕ್ಕೆ ಜಿ, ನೀರಲ್ಲಿ ಕರಗಿದ್ರೆ ಎಕ್ಯೂ. ಅದನ್ನ ಬರೀದೆ ಇದ್ರೂ ಮಾರ್ಕ್ಸ್ ಕಟ್ ಆಗಲ್ಲ ಅಂತ ನಮ್ಮ ಕ್ಲಾಸಲ್ಲಿ ಒಂದು ಸುದ್ದಿ ಇತ್ತು, ಹಾಗಾಗಿ ನಾನು ನೋಟ್ಸ್ ಕಾಪಿ ಮಾಡೋವಾಗ ಅವೆಲ್ಲಾ ಹಾರಿಸಿಬಿಟ್ಟಿದ್ದೆ. ಆ ಎರಡು ಸಾಲಲ್ಲಿ ನಾನು ಏನನ್ನ ಹಾರಿಸಿದ್ದೆ ಅಂತ ಈಗ ನೋಡಿದ್ರೆ, ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಪಕ್ಕ ಎಕ್ಯೂ, ಕಾರ್ಬೊನೇಟಿನ ಪಕ್ಕ ಎಸ್, ಬೈಕಾರ್ಬೊನೇಟಿನ ಪಕ್ಕ ಮತ್ತೆ ಎಕ್ಯೂ. ಕರಗಿದೆ, ಘನವಾಯ್ತು, ಮತ್ತೆ ಕರಗ್ತು. ತಿಳಿ, ಬಿಳಿ, ತಿಳಿ. ನನ್ನ ಕಣ್ಣು ಆವತ್ತು ನೋಡಿದ್ದಷ್ಟೂ ಆ ಮೂರು ಬ್ರಾಕೆಟ್ಟಲ್ಲೇ ಇತ್ತು! ಉಳಿದ ಸಿಎ, ಸಿಓ, ಎಚ್ ಎಲ್ಲಾ ಕಣ್ಣಿಗೆ ಕಾಣದ ಲೆಕ್ಕ. ಕ್ಯಾಲ್ಸಿಯಂ ಕಾರ್ಬೊನೇಟು ಶುದ್ಧ ನೀರಲ್ಲಿ ಲೀಟರಿಗೆ ಹದಿನೈದು ಮಿಲಿಗ್ರಾಮಿನ ಆಸುಪಾಸು ಕರಗಿದ್ರೆ ಹೆಚ್ಚು, ಅದಕ್ಕೇ ಅದು ಹುಟ್ಟಿದ ತಕ್ಷಣ ಪುಡಿಯಾಗಿ ತೇಲಾಡಿ ನೀರು ಬೆಳ್ಳಗೆ ಕಾಣೋದು. ಪರೀಕ್ಷೆಗೆ ಬೇಡ ಅಂತ ನಾನು ಬಿಟ್ಟಿದ್ದು ಕಣ್ಣಿಗೂ ಕಾಗದಕ್ಕೂ ಇದ್ದ ಒಂದೇ ಒಂದು ದಾರೀನ.

ಹಾಗಂತ ಎಲ್ಲವೂ ಅಲ್ಲಿ ಬರೆದಿರುತ್ತೆ ಅಂತಾನೂ ಅಲ್ಲ. ಬಾಣ ಎಷ್ಟು ಹೊತ್ತು ಅಂತ ಹೇಳಲ್ಲ. ಜಲಜನಕ, ಆಮ್ಲಜನಕ ಬೆರೆಸಿ ಒಂದು ಬಾಟಲಿಯಲ್ಲಿ ಮಾಮೂಲಿ ಶಾಖದಲ್ಲಿ ಇಟ್ರೆ ವರ್ಷಗಟ್ಲೆ ಏನೂ ಆಗದೆ ಸುಮ್ನೆ ಕೂತಿರುತ್ತೆ, ಒಂದು ಕಿಡಿ ಬಿದ್ರೆ ಢಂ. ಎರಡಕ್ಕೂ ಅದೇ ಸಮೀಕರಣ. ವಜ್ರ ಗ್ರಾಫೈಟ್ ಆಗೋದಕ್ಕೂ ಒಂದು ಬಾಣ ಬರೀಬಹುದು, ಮಾಮೂಲಿ ಒತ್ತಡದಲ್ಲಿ ಅದು ವಾಲೋದು ಆ ಕಡೆಗೇ, ಆದ್ರೆ ಉಂಗುರ ಹಾಕ್ಕೊಂಡವರು ಯಾರೂ ಗಾಬರಿ ಬೀಳಬೇಕಿಲ್ಲ. ಹೇಗೆ ಅಂತಾನೂ ಹೇಳಲ್ಲ. ಎಚ್₂ + ಐ₂ → 2ಎಚ್‌ಐ ನೋಡಿದ್ರೆ ಎರಡು ಅಣು ಡಿಕ್ಕಿ ಹೊಡೆದು ಜೋಡಿ ಬದಲಾಯಿಸ್ಕೊಂಡ್ವು ಅಂತಲೇ ಅನ್ಸುತ್ತೆ, ದಶಕಗಟ್ಲೆ ರಸಾಯನಶಾಸ್ತ್ರಜ್ಞರೇ ಹಾಗೆ ಅನ್ಕೊಂಡಿದ್ರು, 1967ರಲ್ಲಿ ಬಂದ ಪ್ರಯೋಗದಲ್ಲಿ ಅಯೋಡಿನ್ ಮೊದಲು ಪರಮಾಣುಗಳಾಗಿ ಒಡೆದು ಆಮೇಲೆ ಮುಂದಿನ ಕೆಲಸ ನಡೆಯುತ್ತೆ ಅಂತ ಕಂಡಿತು. ಸಮೀಕರಣ ಮಾತ್ರ ಒಂದಕ್ಷರ ಬದಲಾಗ್ಲಿಲ್ಲ. ಮದುವೆಗೆ ಮುಂಚೆ ಒಂದು, ಮದುವೆ ಆದ ಮೇಲೆ ಒಂದು ಅಂತ ಎರಡು ಫೋಟೋ ತೋರಿಸಿ ಮಧ್ಯೆ ನಡೆದದ್ದನ್ನ ನೀನೇ ಊಹಿಸ್ಕೋ ಅಂದ ಹಾಗೆ.

ನಿನ್ನೆ ರಾತ್ರಿ ಮತ್ತೆ ಒಂದು ಫೋಟೋ ಬಂತು. ನಾನು ಕೇಳಿರ್ಲಿಲ್ಲ, ಅವಳೇ ಬಿಡಿಸಿದ್ದು. ಎರಡು ದೊಡ್ಡ ಬಾಕ್ಸ್, ಮಧ್ಯೆ ಬಾಣ. ಎಡಗಡೆ ಬಾಕ್ಸಲ್ಲಿ ಸಾರಜನಕದ ಜೋಡಿ ಮೂರು, ಜಲಜನಕದ ಜೋಡಿ ಆರು, ಈ ಸಲ ಎಲ್ಲಾ ಬೇರೆ ಬೇರೆ, ಬಾಕ್ಸಿನ ತುಂಬಾ ಚೆಲ್ಲಾಪಿಲ್ಲಿ. ಬಲಗಡೆ ಬಾಕ್ಸಲ್ಲಿ ನಾಲ್ಕು ಅಮೋನಿಯ, ಮೂಲೇಲಿ ಸಾರಜನಕದ ಒಂದು ಜೋಡಿ ಹಾಗೇ ಉಳ್ಕೊಂಡಿದೆ, ಅದರ ಸುತ್ತ ಪೆನ್ಸಿಲಲ್ಲಿ ಒಂದು ವೃತ್ತ. ಕೆಳಗೆ ಬರೆದಿದ್ಲು: "ಜಲಜನಕ ಖಾಲಿ ಆಗೋಯ್ತು ಮಾಮ. ಇದೊಂದು ಮಿಕ್ಕಿದೆ, ಸಮೀಕರಣದಲ್ಲಿ ಇದನ್ನ ಎಲ್ಲಿ ಬರೀಲಿ?"

ಎಲ್ಲೂ ಬರೀಬೇಡ, ಅಲ್ಲಿ ಅದಕ್ಕೆ ಜಾಗ ಇಲ್ಲ, ಬಾಕ್ಸಲ್ಲೇ ಇರ್ಲಿ ಅಂತ ಟೈಪ್ ಮಾಡಿ ಕಳ್ಸಿದೆ.